ನಿಮಗೆ ಯಾವ ಪಾರ್ಟು ಬೇಕು?

"ಅತ್ತಿ, ಯಾವ ಪಾರ್ಟಿಗಿ ಭಾಳ ಪವರ್ ಅದ? ನಂಗ ಅದೇ ಕೊಡು."

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಬಂದು ಕೂತ ನಮ್ಮ ಅಣ್ಣನ ಮಗ ಮೊದಲು ಕೇಳಿದ್ದು ಇದು. ಪಿಯುಸಿ ಓದುವ ಹುಡುಗ. 2016ರಲ್ಲಿ ಶುರುವಾದ 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯನ್ನು ಮೊಬೈಲಿನಲ್ಲಿ ನೋಡಿ, ಅದರ ಮೊದಲ ಕಂತಿನಲ್ಲಿ ಹುಡುಗರು ನೆಲಮಾಳಿಗೆಯಲ್ಲಿ ಕೂತು ಆಡುತ್ತಾರಲ್ಲ, ಆ ಆಟ ಬೇಕೆಂದು ಬೆನ್ನು ಹತ್ತಿದ್ದ. ಹೊಸಬರು ಯಾರೇ ಬಂದರೂ ಕೇಳುವುದು ಇದನ್ನೇ. ನನ್ನ ಹತ್ತಿರ ಇದಕ್ಕೊಂದು ಗಟ್ಟಿ ಉತ್ತರವಿದೆ. ಆದರೆ ಆಟವೇನೆಂದು ತಿಳಿಯದವರಿಗೆ ಉತ್ತರ ಹೇಳಿ ಪ್ರಯೋಜನವಿಲ್ಲ. ಹಾಗಾಗಿ ಅಲ್ಲಿಂದಲೇ ಹೊರಡುತ್ತೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ತವರು ಜೇವರ್ಗಿ ತಾಲ್ಲೂಕಿನ ಭೀಮಾ ದಂಡೆಯ ಒಂದು ಹಳ್ಳಿ, ಗಂಡನ ಮನೆ ಅಫಜಲಪುರ, ನೌಕರಿ ಆಳಂದದಲ್ಲಿ. ಬೆಂಗಳೂರಿನಲ್ಲಿ ಓದುವಾಗ ಹಾಸ್ಟೆಲ್ ಗೆಳತಿಯರಿಂದ ಈ ಆಟ ಕಲಿತೆ. ಈಗ ಭಾನುವಾರ ಊಟವಾದ ಮೇಲೆ ನಮ್ಮ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂಡುತ್ತೇವೆ. ಆಡುವವರು ನಾಲ್ವರು: ಅಣ್ಣನ ಮಗ, ಹತ್ತನೇ ತರಗತಿಯ ನಮ್ಮ ಮೈದುನನ ಮಗಳು, ಪಕ್ಕದ ಮನೆಯಲ್ಲಿದ್ದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಹುಡುಗ, ಮತ್ತು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜಾನಪದದ ಮೇಲೆ ಸಂಶೋಧನೆ ಮಾಡುತ್ತಿರುವ ಒಬ್ಬ ತಂಗಿ. ಆಟ ನಡೆಸುವವಳು ನಾನು.

ಆಟ ಇಷ್ಟೇ. ನಡೆಸುವವರು ಒಂದು ಸನ್ನಿವೇಶ ಹೇಳುತ್ತಾರೆ: ರಾತ್ರಿ, ಹಾಳುಬಿದ್ದ ಕೋಟೆ, ಒಳಗೆ ದೀಪ ಉರಿಯುತ್ತಿದೆ, ಏನು ಮಾಡುತ್ತೀರಿ? ಕೂತವರು ತಮ್ಮ ತಮ್ಮ ಪಾತ್ರದ ಪರವಾಗಿ ಉತ್ತರ ಕೊಡುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದ ಕಡೆ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಬಿದ್ದ ಸಂಖ್ಯೆಗೆ ಪಾತ್ರದ ಸಾಮರ್ಥ್ಯದ ಅಂಕ ಕೂಡಿಸಿ, ಬೇಕಾದಷ್ಟಾದರೆ ಕೆಲಸ ಕೈಗೂಡಿತು. ಸೋಲು-ಗೆಲುವಿನ ಪಂದ್ಯ ಇದಲ್ಲ, ಎಲ್ಲರೂ ಸೇರಿ ಕಟ್ಟುವ ಕಥೆ. ಆ ಕಥೆಯಲ್ಲಿ ನಿಮ್ಮ ಪಾತ್ರದ ಕಸುಬು ಯಾವುದು, ಅವನು ಕತ್ತಿ ಹಿಡಿಯುವವನೋ ಮಂತ್ರ ಓದುವವಳೋ ಬೀಗ ಮುರಿಯುವವನೋ ಎಂಬುದಕ್ಕೆ ಆಟದ ಪುಸ್ತಕದಲ್ಲಿ ಕ್ಲಾಸ್ ಎನ್ನುತ್ತಾರೆ. ನಮ್ಮ ಪಡಸಾಲೆಯಲ್ಲಿ ಅದು ಪಾರ್ಟು.

ಪಾರ್ಟು ಹಂಚುವುದು ನಮ್ಮ ಕಡೆಯವರಿಗೆ ಹೊಸದಲ್ಲ. ನಮ್ಮಪ್ಪ ಊರ ದೊಡ್ಡಾಟದಲ್ಲಿ ಸಾರಥಿ. ಸುಗ್ಗಿ ಮುಗಿದ ಮೇಲೆ ತಾಲೀಮು ಶುರು. ಮಾಸ್ತರು ಒಬ್ಬೊಬ್ಬರನ್ನೂ ನಿಲ್ಲಿಸಿ ದನಿ ಕೇಳುತ್ತಿದ್ದರು, ಹೆಜ್ಜೆ ನೋಡುತ್ತಿದ್ದರು, ಎತ್ತರ ಅಳೆಯುತ್ತಿದ್ದರು. ಕಿರೀಟ, ಭುಜಕೀರ್ತಿ, ಎದೆಕಟ್ಟು ಹೊತ್ತು ಬೆಳತನಕ ಕುಣಿಯುವ ದಮ್ಮು ಇದ್ದವನಿಗೆ ರಾಜನ ಪಾರ್ಟು. ವಂತಿಗೆ ಹೆಚ್ಚು ಕೊಟ್ಟವನಿಗೂ ರಾಜನ ಪಾರ್ಟು ಸಿಗುತ್ತಿತ್ತು ಎನ್ನುವುದನ್ನೂ ಹೇಳಿಬಿಡಬೇಕು. ಆಟದ ರಾತ್ರಿ ಪಾತ್ರಧಾರಿ ರಂಗಕ್ಕೆ ಬಂದೊಡನೆ ಸಾರಥಿ ಎದುರು ನಿಂತು, ನೀವು ಯಾರು, ಎಲ್ಲಿಯವರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಪಾತ್ರ ತನ್ನ ಬಾಯಿಂದಲೇ ತನ್ನ ಕುಲ, ಪೌರುಷ, ಉದ್ದೇಶ ಎಲ್ಲ ಹೇಳಿಕೊಳ್ಳಬೇಕು. ಆಮೇಲೆಯೇ ಕಥೆ ಮುಂದೆ ಸಾಗುವುದು. ಭಾನುವಾರ ನಾನು ಮಾಡುವ ಕೆಲಸವೂ ಅದೇ, ಅಪ್ಪನದು. ಹೊಸಬರ ಎದುರು ಕೂತು ನೀನು ಯಾರು, ಏನು ಮಾಡಲು ಬಂದೆ ಎಂದು ಕೇಳುತ್ತೇನೆ. ಆ ಪ್ರಶ್ನೆಗೆ ಕೊಟ್ಟ ಉತ್ತರದಲ್ಲೇ ಅವರ ಪಾರ್ಟು ಇರುತ್ತದೆ. ಅಂಕಿ, ಶಕ್ತಿ, ಪವರ್ ಎಲ್ಲ ಆಮೇಲಿನ ಮಾತು.

ಈ ಆಟ ಹುಟ್ಟಿದ್ದು 1974ರಲ್ಲಿ, ಅಮೆರಿಕದಲ್ಲಿ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್ ಮತ್ತು ಮಿನ್ನೆಸೋಟದ ಡೇವ್ ಆರ್ನೆಸನ್ ಸೇರಿ ತಂದರು. ಆಗ ಇದ್ದದ್ದು ಮೂರೇ ಪಾರ್ಟು: ಕಾದುವವನು, ಮಾಂತ್ರಿಕ, ಕ್ಲೆರಿಕ್ ಎಂಬ ದೈವಬಲದವನು. ಈ ಮೂರನೆಯದು ಬಂದ ಬಗೆ ನನಗೆ ಬಹಳ ಇಷ್ಟ. ಆರ್ನೆಸನ್ ನಡೆಸುತ್ತಿದ್ದ ಆಟದಲ್ಲಿ ಒಬ್ಬ ಆಟಗಾರನ ಪಾತ್ರ ರಕ್ತ ಹೀರುವ ಪಿಶಾಚಿಯಾಗಿ ಯಾರ ಕೈಗೂ ಸಿಗದಷ್ಟು ಬಲಿತುಬಿಟ್ಟಿತು. ಅದನ್ನು ತಡೆಯಲೆಂದೇ ದೈವಬಲದ ಪಾರ್ಟನ್ನು ಹುಟ್ಟಿಸಿದರು. 1975ರ ಪುರವಣಿಯಲ್ಲಿ ಕಳ್ಳನ ಪಾರ್ಟು ಸೇರಿತು. 2014ರ ಐದನೇ ಆವೃತ್ತಿಯ ಆಟಗಾರರ ಕೈಪಿಡಿಯಲ್ಲಿ 12 ಪಾರ್ಟುಗಳಿವೆ. ನಾವು ಆಡುವುದು ಅದೇ ಆವೃತ್ತಿ, ಮುಂದೆ ಹೇಳುವ ಲೆಕ್ಕವೆಲ್ಲ ಅದರದ್ದೇ.

ಹನ್ನೆರಡನ್ನೂ ಹೊಸಬರ ಮುಂದೆ ಸುರಿಯಬಾರದು. ಹಳೆಯ ನಾಲ್ಕನ್ನು ಇಟ್ಟರೆ ಸಾಕು. ಉಳಿದ ಎಂಟರಲ್ಲಿ ಬಹುತೇಕ ಈ ನಾಲ್ಕರ ಬೆರಕೆ.

ನಮ್ಮ ಮೈದುನನ ಮಗಳು ಮಾತು ಕಡಿಮೆ. ನೀನು ಯಾರು ಎಂದಾಗ ತುಸು ಹೊತ್ತು ಸುಮ್ಮನಿದ್ದು, "ಕಾಕಿ, ಬಾಗಿಲದಾಗ ನಿಂದರಾಕಿ. ನನ್ನ ದಾಟಿ ಯಾರೂ ಒಳಗ ಹೋಗಬಾರ್ದು" ಅಂದಳು. ಅಲ್ಲಿಗೆ ಅವಳ ಪಾರ್ಟು ಗೊತ್ತಾಯಿತು: ಕಾದುವವಳು, ಫೈಟರ್. ಆಟದಲ್ಲಿ ಪಾತ್ರಕ್ಕೆ ಆರು ಗುಣಗಳು: ಕಸುವು, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಹಂಚಿಕೊಳ್ಳಲು 15, 14, 13, 12, 10, 8 ಎಂಬ ಆರು ಅಂಕಗಳು. ಫೈಟರ್ ಆದವಳು 15ನ್ನು ಕಸುವಿಗೂ 14ನ್ನು ತಾಳಿಕೆಗೂ ಇಟ್ಟರೆ ಮುಕ್ಕಾಲು ಕೆಲಸ ಮುಗಿಯಿತು. ಸರಪಳಿ ಅಂಗಿ ತೊಟ್ಟು ಗುರಾಣಿ ಹಿಡಿದರೆ ಅವಳ ರಕ್ಷಣೆಯ ಅಂಕ 18. ಜೀವದ ಅಂಕ 12.

ಇದರ ಅರ್ಥ ಏನೆಂಬುದು ಒಂದು ಗಾಬ್ಲಿನ್ ಎದುರು ಬಂದಾಗ ತಿಳಿಯುತ್ತದೆ. ಗಾಬ್ಲಿನ್ ಎಂದರೆ ಸೊಂಟದೆತ್ತರದ, ಕುಟಿಲ ಬುದ್ಧಿಯ ಪುಟ್ಟ ರಾಕ್ಷಸ. ಅದು ಹೊಡೆಯಲು ಬಂದರೆ ದಾಳದ ಅಂಕಿಗೆ 4 ಕೂಡಿಸಿಕೊಳ್ಳುತ್ತದೆ. ನಮ್ಮ ಹುಡುಗಿಯ 18ನ್ನು ಮುಟ್ಟಬೇಕಾದರೆ ದಾಳದಲ್ಲಿ 14 ಅಥವಾ ಮೇಲೆ ಬೀಳಬೇಕು. ಇಪ್ಪತ್ತು ಮುಖಗಳಲ್ಲಿ ಅಂಥವು ಏಳೇ. ಅದೇ ಗಾಬ್ಲಿನ್ ಮಾಂತ್ರಿಕನ ಮೇಲೆ ಬಿದ್ದರೆ? ಅವನ ಮೈಮೇಲೆ ಬರೀ ಬಟ್ಟೆ, ರಕ್ಷಣೆಯ ಅಂಕ 12. ಎಂಟು ಬಿದ್ದರೂ ಪೆಟ್ಟು ತಾಗುತ್ತದೆ, ಇಪ್ಪತ್ತರಲ್ಲಿ ಹದಿಮೂರು ಮುಖ. ಮಾಂತ್ರಿಕನ ಜೀವ 7 ಎಂದಿಟ್ಟುಕೊಳ್ಳಿ. ಗಾಬ್ಲಿನ್ನಿನ ಒಂದು ಪೆಟ್ಟು 3ರಿಂದ 8. ಒಂದೇ ಏಟಿಗೆ ನೆಲ ಹಿಡಿಯಬಹುದು.

ಇಷ್ಟೂ ಲೆಕ್ಕವನ್ನು ಅಣ್ಣನ ಮಗನ ಮುಂದೆ ಬರೆದು ತೋರಿಸಿದೆ. ಏಕೆಂದರೆ ಅವನಿಗೆ ಬೇಕಾಗಿದ್ದದ್ದು ಮಾಂತ್ರಿಕನ ಪಾರ್ಟು, ವಿಜರ್ಡ್. ಬೆಂಕಿಯುಂಡೆ ಎಸೆಯಬೇಕೆಂಬುದು ಅವನ ಆಸೆ. ಬೆಂಕಿಯುಂಡೆ, ಆಡುತ್ತ ಆಡುತ್ತ ಪಾತ್ರ ಐದನೇ ಮಟ್ಟಕ್ಕೆ ಏರಿದ ಮೇಲೆ ಸಿಗುವ ಮಂತ್ರ, ಮೊದಲ ದಿನ ಅದು ಇರುವುದಿಲ್ಲ. ಮೊದಲ ಮಟ್ಟದ ವಿಜರ್ಡ್ ಬಳಿ ಆರು ಮಂತ್ರಗಳಿರುವ ಪುಸ್ತಕ ಇರುತ್ತದೆ, ಆದರೆ ಒಂದು ರಾತ್ರಿಯ ನಿದ್ದೆಯಿಂದ ಮತ್ತೊಂದು ನಿದ್ದೆಯ ತನಕ ದೊಡ್ಡ ಮಂತ್ರ ಹಾಕುವ ಶಕ್ತಿ ಎರಡೇ ಸಲ. ನಡುವೆ ಕೊಂಚ ದಣಿವಾರಿಸಿಕೊಂಡರೆ ಇನ್ನೊಂದು ಸಲ. ಉಳಿದ ಹೊತ್ತು ಸಣ್ಣಪುಟ್ಟ ಕಿಡಿ ಹಾರಿಸಿಕೊಂಡು ಹಿಂದೆ ನಿಲ್ಲಬೇಕು.

ಇಷ್ಟು ಕೇಳಿಯೂ ಅವನು ಅದೇ ಬೇಕೆಂದ. ಕೊಟ್ಟೆ. ಮೂರು ಗಾಬ್ಲಿನ್‌ಗಳು ಬಾಗಿಲಿಗೆ ಮುತ್ತಿದಾಗ ಅವನು ನಿದ್ದೆಯ ಮಂತ್ರ ತೆಗೆದ. ಆ ಮಂತ್ರಕ್ಕೆ ಎಂಟು ಮುಖದ ಐದು ದಾಳ ಉರುಳಿಸಬೇಕು. ಬಿದ್ದ ಮೊತ್ತದಷ್ಟು ಜೀವದ ಅಂಕಗಳು ನಿದ್ದೆಗೆ ಜಾರುತ್ತವೆ, ಕಡಿಮೆ ಜೀವ ಉಳಿದವರು ಮೊದಲು. ಸರಾಸರಿ ಇಪ್ಪತ್ತೆರಡೂವರೆ ಬೀಳುತ್ತದೆ, ಗಾಬ್ಲಿನ್ ಒಂದಕ್ಕೆ ಏಳರಂತೆ ಮೂರಕ್ಕೆ ಇಪ್ಪತ್ತೊಂದು. ಲೆಕ್ಕ ಮನಸ್ಸಿನಲ್ಲೇ ಮಾಡಿದ ಹುಡುಗ ದಾಳ ಎತ್ತಿದವನು ತಡೆದು, "ಅಲ್ಲೇ ನಮ್ಮಾಕಿ ನಿಂತಾಳಲ್ಲ, ಆಕಿಗೂ ನಿದ್ದಿ ಬರ್ತದೇನು?" ಎಂದು ಕೇಳಿದ. ಬರುತ್ತದೆ. ಮಂತ್ರಕ್ಕೆ ತನ್ನವರು, ಪರರು ಎಂಬ ಭೇದವಿಲ್ಲ. ಎರಡು ಪೆಟ್ಟು ತಿಂದು ಅವಳ ಜೀವ 4ಕ್ಕೆ ಇಳಿದಿತ್ತು, ಮೊದಲು ಬೀಳುವವಳು ಅವಳೇ. ಅವಳು ಹಿಂದೆ ಸರಿಯುವ ತನಕ ಕಾದು, ಆಮೇಲೆ ಮಂತ್ರ ಹಾಕಿದ. ಬಿದ್ದದ್ದು ಇಪ್ಪತ್ತನಾಲ್ಕು. ಮೂರೂ ಮಲಗಿದವು. ಕಾಯುವುದು, ಎಣಿಸುವುದು, ಸರಿಯಾದ ಗಳಿಗೆಗೆ ಒಂದೇ ಮಾತು ಆಡುವುದು ವಿಜರ್ಡ್ ಪಾರ್ಟಿನ ಜೀವಾಳ. ಅದರಲ್ಲಿ ಸುಖ ಕಾಣುವವರಿಗೆ ಮೊದಲ ಪಾರ್ಟಾಗಿ ಕೊಡಬಹುದು. ಕೂತಲ್ಲಿ ಕೂರಲಾಗದವರಿಗೆ ಬೇಡ. ಪವರ್ ಎಂದು ಆರಿಸಿಕೊಂಡವರು ಎರಡನೇ ಭಾನುವಾರ ಬರುವುದಿಲ್ಲ.

ಬೇಳೆ ಮಿಲ್ಲಿನ ತಮ್ಮನ ಪಾರ್ಟು ಕಳ್ಳನದು. ಕದಿಯುವುದೇ ಕಸುಬು ಎಂದೇನಿಲ್ಲ. ಸದ್ದಿಲ್ಲದೆ ನಡೆಯುವುದು, ಬೀಗ ಬಿಡಿಸುವುದು, ಗೋಡೆಯ ಹಿಂದಿನ ಗುಟ್ಟು ಹುಡುಕುವುದು. ಕಾದಾಟದಲ್ಲಿ ಇವನ ವಿಶೇಷ ಪೆಟ್ಟು ಬೀಳಬೇಕಾದರೆ ವೈರಿಯ ಪಕ್ಕದಲ್ಲಿ ಗೆಳೆಯರೊಬ್ಬರು ನಿಂತಿರಬೇಕು, ಇಲ್ಲವೇ ಅಡಗಿ ಹೊಡೆಯಬೇಕು. ಹಾಗಾಗಿ ಒಂಟಿಯಾಗಿ ಮೆರೆಯಬೇಕೆಂದು ಇದನ್ನು ಆರಿಸಿಕೊಂಡವರಿಗೆ ಪಾರ್ಟು ಕೈಕೊಡುತ್ತದೆ. ಇವನಿಗೆ ಒಪ್ಪಿತು, ಏಕೆಂದರೆ ಇವನು ಚೀಲ ಎಣಿಸುವ ಕಣ್ಣಿನವನು. ನಾನು ಕೋಣೆ ವರ್ಣಿಸಿದರೆ ಯಾವ ವಸ್ತುವನ್ನು ಎರಡು ಸಲ ಹೇಳಿದೆ ಎಂಬುದು ಇವನ ಚೀಟಿಯಲ್ಲಿ ಬರೆದಿರುತ್ತದೆ.

ಕ್ಲೆರಿಕ್ ಪಾರ್ಟಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹೊಸಬರು ಇದನ್ನು ಪೂಜಾರಿಯೆಂದು ತಿಳಿದು ಬದಿಗಿಡುತ್ತಾರೆ. ಕ್ಲೆರಿಕ್ ಗದೆ ಹಿಡಿದು ಮುಂಚೂಣಿಯಲ್ಲೇ ನಿಲ್ಲಬಲ್ಲವನು, ಕೆಲವು ಬಗೆಯವರು ಫೈಟರಿನಷ್ಟೇ ಗಟ್ಟಿ ಕವಚ ತೊಡುತ್ತಾರೆ. ಜೊತೆಗೆ ಬಿದ್ದವರನ್ನು ಎಬ್ಬಿಸುವ ಶಕ್ತಿ. ಜೀವದ ಅಂಕ ಸೊನ್ನೆಗೆ ಇಳಿದವರು ತಮ್ಮ ಸರದಿ ಬಂದಾಗಲೆಲ್ಲ ದಾಳ ಎಸೆಯುತ್ತಾರೆ: ಹತ್ತು ಅಥವಾ ಮೇಲೆ ಮೂರು ಸಲ ಬಿದ್ದರೆ ಉಸಿರು ನಿಲ್ಲುವುದಿಲ್ಲ, ಕೆಳಗೆ ಮೂರು ಸಲ ಬಿದ್ದರೆ ಸಾವು. ಆ ಹೊತ್ತಿನಲ್ಲಿ ಕ್ಲೆರಿಕ್ ದೂರದಿಂದ ಆಡಿದ ಒಂದು ಮಾತಿಗೆ ಬಿದ್ದವರು ಎದ್ದು ಕೂರುತ್ತಾರೆ. ನಂಬಿಕೆಯ ಬಲದಿಂದ ವಾಸಿಮಾಡುವವರ ಕಥೆ ನಮ್ಮ ಸೀಮೆಯ ಮಕ್ಕಳಿಗೆ ಬಿಡಿಸಿ ಹೇಳಬೇಕೇ? ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ ಇದೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮಾ-ಅಮರ್ಜಾ ಸಂಗಮ, ದತ್ತಾತ್ರೇಯನ ಸನ್ನಿಧಿ. ಮೈಗೂ ಮನಸ್ಸಿಗೂ ನೋವಿದ್ದವರು ಮಹಾರಾಷ್ಟ್ರದಿಂದೆಲ್ಲ ಅಲ್ಲಿಗೆ ಬರುತ್ತಾರೆ. ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ಕಡೆಯ ಅರಳಗುಂಡಗಿಯಲ್ಲಿ. ಇಂಥ ನೆಲದಲ್ಲಿ ಬೆಳೆದವರಿಗೆ ಕ್ಲೆರಿಕ್ ಪಾತ್ರದ ಮಾತು ತಾನಾಗಿ ಬಾಯಿಗೆ ಬರುತ್ತದೆ. ಇದು ಹೊಸಬರಿಗೆ ಕಷ್ಟದ ಪಾರ್ಟು ಎಂದು ಹಳಬರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ತಪ್ಪು ಮಂತ್ರ ಆರಿಸಿದರೂ ಮರುದಿನ ಬೆಳಗ್ಗೆ ಬೇರೆ ಆರಿಸಿಕೊಳ್ಳುವ ಅನುಕೂಲ ಕ್ಲೆರಿಕ್‌ಗೆ ಇದೆ.

ನಮ್ಮ ಮೇಳದಲ್ಲಿ ಕ್ಲೆರಿಕ್ ಯಾರೂ ಆಗಲಿಲ್ಲ. ನಾಲ್ಕನೆಯವಳು, ಕಡಗಂಚಿಯ ಸಂಶೋಧಕಿ, ಬಾರ್ಡ್ ಪಾರ್ಟು ಕೇಳಿದಳು. ಹಾಡಿನಿಂದ ಮಂತ್ರ ಮಾಡುವ ಪಾತ್ರ ಅದು. ಬಾರ್ಡ್‌ನ ಹಾಡು ಕೇಳಿದ ಗೆಳೆಯರೊಬ್ಬರಿಗೆ ಆರು ಮುಖದ ಒಂದು ದಾಳ ಉಡುಗೊರೆ, ಬೇಕಾದಾಗ ತಮ್ಮ ಅಂಕಿಗೆ ಕೂಡಿಸಿಕೊಳ್ಳಬಹುದು. ಪುಸ್ತಕದ ಬಾರ್ಡ್ ಕೈಯಲ್ಲಿ ಯುರೋಪಿನ ತಂತಿವಾದ್ಯ. ಇವಳು ಅದನ್ನು ಬದಿಗಿಟ್ಟು ಏಕತಾರಿ ಕೊಟ್ಟಳು. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಊರೂರು ತಿರುಗಿ ಸಂಗ್ರಹಿಸುವವಳಿಗೆ ಇದಕ್ಕಿಂತ ಒಪ್ಪುವ ಪಾರ್ಟು ಇದೆಯೇ? ಮಂತ್ರಗಳ ಪಟ್ಟಿ ಉದ್ದ, ನೆನಪಿಡುವುದು ಹೆಚ್ಚು, ಹೊಸಬರಿಗೆ ಬೇಡ ಎಂದು ನಾನು ಹೇಳಬಹುದಿತ್ತು. ಆದರೆ ತಾನು ಯಾರೆಂಬ ಪ್ರಶ್ನೆಗೆ ಅಷ್ಟು ನಿಚ್ಚಳವಾಗಿ ಉತ್ತರ ಕೊಟ್ಟವಳಿಗೆ ಪಟ್ಟಿಯ ಉದ್ದ ಒಂದು ಅಡ್ಡಿಯೇ ಅಲ್ಲ.

ಆಗ ಮಿಲ್ಲಿನ ತಮ್ಮ, ಗಾಯ ವಾಸಿಮಾಡುವವರು ಯಾರೂ ಇಲ್ಲವಲ್ಲ, ಫೈಟರ್ ಬಿಟ್ಟು ಈ ಹುಡುಗಿಯೇ ಕ್ಲೆರಿಕ್ ಆಗಲಿ ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮೇಳಕ್ಕೆ ಏನು ಕಡಿಮೆ ಬಿದ್ದಿದೆಯೋ ಅದನ್ನು ಎಲ್ಲರಿಗಿಂತ ಸಣ್ಣವರ, ಸುಮ್ಮನಿರುವವರ ಮೇಲೆ ಹೊರಿಸುವುದು ಎಲ್ಲ ಕಡೆ ರೂಢಿ. ಅದರಲ್ಲೂ ಹುಡುಗಿಯಿದ್ದರೆ ಆರೈಕೆಯ ಪಾರ್ಟು ಅವಳಿಗೇ. ನಾನು ಬೇಡವೆಂದೆ. ಬಾರ್ಡ್‌ಗೂ ಒಂದಿಷ್ಟು ವಾಸಿಮಾಡಲು ಬರುತ್ತದೆ, ಔಷಧದ ಶೀಶೆ ನಾನು ದಾರಿಯಲ್ಲಿ ಇಡುತ್ತೇನೆ, ವೈರಿಗಳ ಸಂಖ್ಯೆ ಕಡಿಮೆ ಮಾಡುತ್ತೇನೆ. ಆಟ ನಡೆಸುವವರ ಕೈಯಲ್ಲಿ ಇಷ್ಟೆಲ್ಲ ಇರುವಾಗ ಉಳಿದ ಪಾರ್ಟನ್ನು ಒಬ್ಬರ ಕೊರಳಿಗೆ ಕಟ್ಟುವ ಗರಜು ಏನು?

ಈ ವಿಷಯದಲ್ಲಿ ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ನಾನು ಸಣ್ಣವಳಿದ್ದಾಗ ಊರ ದೊಡ್ಡಾಟದಲ್ಲಿ ದ್ರೌಪದಿ ಆಗುತ್ತಿದ್ದವರು ಮೀಸೆ ಬೋಳಿಸಿದ ಗಂಡಸರು. ಮುಂದೆ ಜಾತ್ರೆಗೆ ಸಾಮಾಜಿಕ ನಾಟಕ ಬಂದಾಗ ಹೊರ ಊರಿನಿಂದ ವೃತ್ತಿ ಕಲಾವಿದೆಯರನ್ನು ಕರೆಸುತ್ತಿದ್ದರು, ಗೌರವಕ್ಕಿಂತ ಶಿಳ್ಳೆ ಹೆಚ್ಚು ಬೀಳುತ್ತಿತ್ತು ಅವರಿಗೆ. ತಾಲೀಮಿನ ಮನೆಯ ಹೊರಗೆ ಕಟ್ಟೆಯ ಮೇಲೆ ಕೂತು ಇಡೀ ಆಟ ಬಾಯಿಪಾಠ ಮಾಡಿದ್ದೆ, ಭೀಮನ ಮಾತು ಸಮೇತ. ಮಾಸ್ತರು ಒಮ್ಮೆಯೂ ನನ್ನ ದನಿ ಕೇಳಲಿಲ್ಲ. ಊರ ಹೆಣ್ಣುಮಕ್ಕಳಿಗೆ ಪಾರ್ಟು ಆರಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಅದಕ್ಕೇ ಹತ್ತನೇ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಲ್ಲುವವಳು ತಾನು ಎಂದರೆ ಆ ಬಾಗಿಲನ್ನು ಅವಳಿಂದ ಯಾರೂ ಕಸಿದುಕೊಳ್ಳಬಾರದು.

ಉಳಿದ ಪಾರ್ಟುಗಳ ಬಗ್ಗೆ ಒಂದೆರಡು ಮಾತು. ಬಾರ್ಬೇರಿಯನ್ ಎಲ್ಲಕ್ಕಿಂತ ಸರಳ: ಸಿಟ್ಟು ಬಂದರೆ ಅವನ ಮೈಗೆ ತಾಗುವ ಆಯುಧದ ಪೆಟ್ಟು ಅರ್ಧಕ್ಕೆ ಇಳಿಯುತ್ತದೆ, ಮುನ್ನುಗ್ಗಿ ಹೊಡೆಯುವುದು. ಎಂಟು-ಹತ್ತು ವರ್ಷದ ಮಕ್ಕಳಿಗೆ ನಾನು ಇದನ್ನೇ ಕೊಡುತ್ತೇನೆ. ಪ್ಯಾಲಡಿನ್ ವ್ರತ ತೊಟ್ಟ ಯೋಧ, ಕೊಟ್ಟ ಮಾತಿಗೆ ಬದ್ಧನಾಗಿ ಆಡುವುದರಲ್ಲಿ ರುಚಿಯುಳ್ಳವರಿಗೆ. ರೇಂಜರ್ ಕಾಡು ಬಲ್ಲ ಬೇಟೆಗಾರ. ಡ್ರೂಯಿಡ್ ಎರಡನೇ ಮಟ್ಟದಿಂದ ಪ್ರಾಣಿಯ ರೂಪ ತಾಳಬಲ್ಲದು, ಆದರೆ ಪ್ರತಿ ಪ್ರಾಣಿಯ ಅಂಕಿ ಬೇರೆ, ಹಾಳೆ ತಿರುವುವುದೇ ಆಗುತ್ತದೆ. ಸಾರ್ಸರರ್, ವಾರ್‌ಲಾಕ್, ಮಾಂಕ್ ಮೂರನ್ನೂ ಒಂದು ಕಥೆ ಮುಗಿದ ಮೇಲೆ ನೋಡಿಕೊಂಡರೆ ಸಾಕು.

ಆರಿಸಿದ್ದು ಹೊಂದಲಿಲ್ಲ ಎಂದರೆ? ನಮ್ಮಲ್ಲಿ ಮೂರನೇ ಮಟ್ಟಕ್ಕೆ ಏರುವ ತನಕ ಪಾರ್ಟು ಬದಲಿಸಬಹುದು, ಕಾರಣ ಕೇಳುವುದಿಲ್ಲ. ಇನ್ನೊಂದು ಮಾತು: ಪಾರ್ಟನ್ನು ಮನೆಯಲ್ಲಿ ಒಬ್ಬರೇ ಕೂತು ಆರಿಸಿಕೊಂಡು ಬರಬೇಡಿ. ಎಲ್ಲರೂ ಒಂದು ಕಡೆ ಕೂತು, ಒಬ್ಬರ ಮಾತು ಇನ್ನೊಬ್ಬರು ಕೇಳುತ್ತ ಆರಿಸಿದರೆ, ನಿನ್ನ ಕಳ್ಳನಿಗೂ ನನ್ನ ಯೋಧೆಗೂ ಹಿಂದೆಲ್ಲಿಯೋ ಪರಿಚಯವಿತ್ತು ಎಂಬಂಥ ಎಳೆಗಳು ಅಲ್ಲೇ ಹುಟ್ಟುತ್ತವೆ. ನಮ್ಮ ಫೈಟರ್ ಕಾಯುತ್ತಿದ್ದ ಬಾಗಿಲು ಬಾರ್ಡ್‌ನ ಗುರುಮಠದ್ದು ಎಂಬುದು ಹಾಗೆ ಹುಟ್ಟಿದ್ದೇ.

ಖರ್ಚು ಹೆಚ್ಚಿಲ್ಲ. ದಾಳಗಳು ಆಳಂದದ ಅಂಗಡಿಯಲ್ಲಿ ಸಿಗುವುದಿಲ್ಲ. 1ರಿಂದ 20ರ ತನಕ ಚೀಟಿ ಬರೆದು ಡಬ್ಬಿಯಲ್ಲಿ ಹಾಕಿ ಎತ್ತಿ, ಎತ್ತಿದ್ದನ್ನು ಮತ್ತೆ ಹಾಕಿ ಕುಲುಕಿ. ಇದನ್ನು ಬಡವರ ಉಪಾಯ ಎಂದುಕೊಳ್ಳಬೇಡಿ, 1979ರಲ್ಲಿ ದಾಳದ ಕೊರತೆಯಾದಾಗ ಆಗ ಈ ಆಟ ಮಾರುತ್ತಿದ್ದ ಕಂಪನಿಯವರೇ ಪೆಟ್ಟಿಗೆಯಲ್ಲಿ ಅಂಕಿ ಅಚ್ಚುಮಾಡಿದ ಚೀಟಿಗಳನ್ನು ಇಟ್ಟು ಮಾರಿದ್ದರು. ನಿಯಮಗಳ ತಿರುಳು, ಹನ್ನೆರಡೂ ಪಾರ್ಟುಗಳ ವಿವರ ಸಹಿತ, ಪುಕ್ಕಟೆ ಸಿಗುತ್ತದೆ. 2023ರ ಜನವರಿಯಲ್ಲಿ ಆಟದ ಈಗಿನ ಕಂಪನಿ ಅದನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿದೆ. ಮೂಲದ ಹೆಸರು ನಮೂದಿಸಿದರೆ ಸಾಕು, ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಹಾಕಿಸಬಹುದು.

ನನ್ನ ಅಡಚಣೆ ಇರುವುದು ಇಲ್ಲಿಯೇ. ಭಾನುವಾರ ನಾನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತೇನೆ. ನಾನಿಲ್ಲದ ದಿನ ಮಕ್ಕಳು ತಾವೇ ಓದಿಕೊಂಡು ಆಡಲಾರರು. ಫೈಟರ್ ಮತ್ತು ಕ್ಲೆರಿಕ್ ಪುಟಗಳನ್ನು ನಾನು ಕನ್ನಡಕ್ಕೆ ಇಳಿಸಿದ್ದೇನೆ, ವಿಜರ್ಡ್ ಅರ್ಧ ಆಗಿದೆ. ಓದುಗರಲ್ಲಿ ಶಿಕ್ಷಕರಿದ್ದರೆ, ರಂಗದ ಮೇಲೆ ದುಡಿದವರಿದ್ದರೆ, ಇಂಗ್ಲಿಷ್ ಬಲ್ಲ ಕಾಲೇಜು ಹುಡುಗ ಹುಡುಗಿಯರಿದ್ದರೆ, ಒಬ್ಬೊಬ್ಬರು ಒಂದೊಂದು ಪಾರ್ಟು ಹಂಚಿಕೊಳ್ಳಿ. ಒಂದು ಪಾರ್ಟಿನ ವಿವರ ಕೆಲವೇ ಪುಟ. ನಿಮಗೆ ಯಾವುದು ಬೇಕೋ ಅದನ್ನೇ ಆರಿಸಿಕೊಳ್ಳಿ.